ಆಸಿಡ್ ಕುಡಿದ ಮಗು ಮೂರು ವಾರದ ಮೇಲೆ ವಾಂತಿ ಮಾಡಿಕೊಂಡರೆ

ಪ್ರಶ್ನೆ: ಡಾಕ್ಟ್ರೇ, ನಮ್ದು ಸಿರುಗುಪ್ಪ ತಾಲ್ಲೂಕಿನ ಹಳ್ಳಿ. ಮಗನಿಗೆ ಮೂರು ವರ್ಷ. ಬಳ್ಳಾರಿಯಲ್ಲಿ ನಾದಿನಿ ಮನೆಗೆ ಹೋಗಿದ್ದಾಗ, ಬಚ್ಚಲಲ್ಲಿ ಕೂಲ್‌ಡ್ರಿಂಕ್ಸ್ ಬಾಟಲಿಗೆ ಹಾಕಿಟ್ಟಿದ್ದ ಬಾತ್‌ರೂಮ್ ಆಸಿಡ್ ಕುಡಿದುಬಿಟ್ಟ. ಒಂದೆರಡು ಗುಟುಕು ಇರಬಹುದು. ಗಾಬರಿಗೆ ನಮ್ಮತ್ತೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡು, ಬಾಯಲ್ಲಿ ಗಾಯ ಹೆಚ್ಚಿಲ್ಲ, ಅನ್ನನಾಳ ಚೆನ್ನಾಗಿದೆ ಅಂತ ಕಳಿಸಿದರು. ಮನೆಗೆ ಬಂದ ಮೇಲೆ ಚೆನ್ನಾಗೇ ತಿಂತಿದ್ದ. ಈಗ ಇಪ್ಪತ್ತೈದು ದಿನ ಆಯ್ತು. ಒಂದು ವಾರದಿಂದ ಸಂಜೆ ಹೊತ್ತಿಗೆ ವಾಂತಿ. ಬೆಳಿಗ್ಗೆ ತಿಂದ ಅನ್ನ ಹಾಗೇ ಹೊರಗೆ ಬರುತ್ತೆ. ಊರಲ್ಲಿ ಬಟ್ಟಿ ಸರಿದೈತಿ ಅಂದರು, ಹೊಟ್ಟೆ ತಿಕ್ಕಿಸಿದ್ವಿ. ಕಡಿಮೆ ಆಗಿಲ್ಲ. ಇದಕ್ಕೂ ಆಸಿಡ್‌ಗೂ ಸಂಬಂಧ ಇದೆಯಾ? ಉಪ್ಪುನೀರು ಕೊಟ್ಟಿದ್ದು ತಪ್ಪಾಯ್ತಾ? ಮುಂದೆ ಎಲ್ಲರ ಮಕ್ಕಳ ಹಾಗೆ ಊಟ ಮಾಡ್ತಾನಾ?

ಉತ್ತರ: ಸಂಬಂಧ ಇದೆಯಮ್ಮ. ಮಿಕ್ಕಿದ್ದನ್ನು ಆಮೇಲೆ ಓದಿ, ಮೊದಲು ಮಗನನ್ನು ಕರೆದುಕೊಂಡು ಹೊರಡಿ. ನಾಳೆ ನಾಡಿದ್ದು ಅನ್ನಬೇಡಿ. ಹೊಟ್ಟೆ ತಿಕ್ಕಿಸುವುದನ್ನು ಈಗಲೇ ನಿಲ್ಲಿಸಿ. ಗಾಯ ಮಾಯುತ್ತಿರುವ ಜಠರದ ಮೇಲೆ ಯಾರೂ ಕೈ ಒತ್ತಬಾರದು.

ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತಿಳಿಸಿದ್ದು ಒಂದೇ ಮಾತು: ಬೆಳಿಗ್ಗೆ ತಿಂದ ಅನ್ನ ಸಂಜೆ ಹಾಗೇ ಬರುತ್ತೆ ಅನ್ನುವುದು. ಮಗು ತಿಂದ ಅನ್ನ ಮೂರು ನಾಲ್ಕು ಗಂಟೆಯೊಳಗೆ ಜಠರದಿಂದ ಕರುಳಿಗೆ ಇಳಿದಿರಬೇಕು. ಸಂಜೆಯವರೆಗೂ ಅಲ್ಲೇ ನಿಂತಿದೆ ಎಂದರೆ ಕೆಳಗಿನ ಬಾಗಿಲು ತೆರೆಯುತ್ತಿಲ್ಲ. ವಾಂತಿಯ ಬಣ್ಣವನ್ನು ನೀವು ಬರೆದಿಲ್ಲ. ಹಸಿರಾಗಲಿ ಕಡು ಹಳದಿಯಾಗಲಿ ಇಲ್ಲದಿದ್ದರೆ ನನ್ನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಪಿತ್ತ ಬಂದು ಸೇರುವುದು ಆ ಬಾಗಿಲು ದಾಟಿದ ಮೇಲೆ. ಬಾಗಿಲೇ ಮುಚ್ಚಿದ್ದರೆ ಪಿತ್ತ ಮೇಲೆ ಬರುವುದಿಲ್ಲ. ಹಸಿರು ವಾಂತಿಯಾದರೆ ಸಮಾಧಾನ ಪಡುವಂತಿಲ್ಲ, ಅದು ಬೇರೆ ಬಗೆಯ ತುರ್ತು. ಊಟವಾದ ಮೇಲೆ ಹೊಕ್ಕಳಿನ ಮೇಲ್ಭಾಗ ಉಬ್ಬಿ, ಚರ್ಮದ ಕೆಳಗೆ ಎಡದಿಂದ ಬಲಕ್ಕೆ ಅಲೆಯೊಂದು ಹರಿದಂತೆ ಕಾಣುತ್ತದೆಯೇ ನೋಡಿ. ಮಗುವನ್ನು ಎತ್ತಿಕೊಂಡಾಗ ಹೊಟ್ಟೆಯೊಳಗೆ ಅರ್ಧ ತುಂಬಿದ ಕೊಡದ ಹಾಗೆ ನೀರು ಕುಲುಕುವ ಸದ್ದು ಕೇಳುವುದೂ ಉಂಟು. ಮುಚ್ಚಿದ ಬಾಗಿಲಿಗೆ ಜಠರ ಗುದ್ದುತ್ತಿರುವ ಲಕ್ಷಣ ಇವು.

ಬಾಯಲ್ಲಿ ಗಾಯ ಹೆಚ್ಚಿಲ್ಲ, ಅನ್ನನಾಳ ಚೆನ್ನಾಗಿದೆ ಎಂದು ಆಸ್ಪತ್ರೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಆಸಿಡ್ ವಿಷಯದಲ್ಲಿ ಅಷ್ಟೇ ಸಾಲದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಬಹಳ ಜನ ಎಡವುವುದು ಇಲ್ಲೇ.

ಸುಡುವ ದ್ರವಗಳಲ್ಲಿ ಎರಡು ಜಾತಿ. ಕಾಸ್ಟಿಕ್ ಸೋಡಾದಂಥದ್ದು ಕ್ಷಾರ. ಎಣ್ಣೆಗೆ ಅದನ್ನು ಹಾಕಿಯೇ ಸೋಪು ಮಾಡುವುದು. ಮಗುವಿನ ಅನ್ನನಾಳದಲ್ಲೂ ಅದು ಮಾಡುವುದು ಅದೇ ಕೆಲಸ, ಅಲ್ಲಿನ ಕೊಬ್ಬನ್ನು ಕರಗಿಸಿ ಲೋಳೆ ಮಾಡಿಕೊಂಡು ಆಳಕ್ಕೆ ಇಳಿಯುತ್ತಾ ಹೋಗುತ್ತದೆ. ಅಂಟಂಟಾಗಿರುವುದರಿಂದ ಗಂಟಲು, ಅನ್ನನಾಳದಲ್ಲೇ ಹಿಡಿದುಕೊಳ್ಳುತ್ತದೆ. ಬಚ್ಚಲು ತೊಳೆಯುವ ಆಸಿಡ್ ನಡೆದುಕೊಳ್ಳುವ ರೀತಿ ಬೇರೆ. ಅದು ನೀರಿನಷ್ಟೇ ತೆಳು, ಅನ್ನನಾಳದಲ್ಲಿ ನಿಲ್ಲದೆ ಸರ‍್ರನೆ ಜಾರಿ ಕೆಳಗೆ ಹೋಗುತ್ತದೆ. ತಗುಲಿದ ಕಡೆ ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿ ಹೊದಿಕೆ ಕಟ್ಟುವುದರಿಂದ ಅನ್ನನಾಳ ಎಷ್ಟೋ ಸಲ ಪಾರಾಗುತ್ತದೆ. ಸಿಕ್ಕಿಬೀಳುವುದು ಜಠರ. ಒಳಗೆ ಬಂದ ಆಸಿಡ್ಡಿಗೆ ಬೆದರಿ ಜಠರದ ಕೊನೆಯ ಬಾಗಿಲು, ನಾವು ಪೈಲೋರಸ್ ಅನ್ನುವುದು, ಸೆಟೆದು ಮುಚ್ಚಿಕೊಳ್ಳುತ್ತದೆ. ಆಸಿಡ್ ಹೋಗಲು ದಾರಿಯಿಲ್ಲದೆ ಆ ಬಾಗಿಲ ಮುಂದಿನ ಮೂಲೆಯಲ್ಲಿ, ಅಂದರೆ ಆಂಟ್ರಮ್‌ನಲ್ಲಿ, ಮಡುಗಟ್ಟುತ್ತದೆ. ಮಗು ಖಾಲಿ ಹೊಟ್ಟೆಯಲ್ಲಿದ್ದರೆ ಇನ್ನೂ ನೇರ ಅಲ್ಲಿಗೇ ಹರಿಯುತ್ತದೆ. ಹೊಟ್ಟೆಯಲ್ಲಿ ಊಟವಿದ್ದರೆ ಅದರಲ್ಲಿ ಬೆರೆತು ಹರಡಿ, ಒಂದೇ ಕಡೆ ಬೀಳುವ ಏಟು ಸ್ವಲ್ಪ ತಗ್ಗುತ್ತದೆ.

ಹೊಟ್ಟೆಯಲ್ಲಿ ಹುಟ್ಟಿನಿಂದಲೇ ಆಸಿಡ್ ಇರುತ್ತದಲ್ಲ, ಇನ್ನೆರಡು ಗುಟುಕು ಸೇರಿದರೆ ಏನಾದೀತು ಎಂದು ಓದಿದವರೂ ಕೇಳುತ್ತಾರೆ. ಎರಡೂ ಹೈಡ್ರೋಕ್ಲೋರಿಕ್ ಆಸಿಡ್ಡೇ, ಸರಿ. ಜಠರ ತಾನೇ ಸುರಿಸುವ ರಸದಲ್ಲಿ ಅದು ಶೇಕಡಾ ಅರ್ಧದಷ್ಟಿದ್ದರೆ ಹೆಚ್ಚು. ಅದನ್ನು ತಡೆಯಲು ಲೋಳೆಯ ಪದರವೊಂದು ಗೋಡೆಗೆ ಬಳಿದಿರುತ್ತದೆ. ಟಾಯ್ಲೆಟ್ ತೊಳೆಯಲು ಪ್ಯಾಕಿನಲ್ಲಿ ಬರುವ ದ್ರವಗಳಲ್ಲಿ ಸುಮಾರು ಶೇಕಡಾ 10 ಇರುತ್ತದೆ. ಟೈಲ್ಸ್ ಕಲೆ ತೆಗೆಯಲು ಬಿಡಿಯಾಗಿ ಮಾರುವುದರಲ್ಲಿ ಅದಕ್ಕಿಂತ ಬಹಳ ಹೆಚ್ಚಿರಬಹುದು. ಇಪ್ಪತ್ತು ಪಟ್ಟು ಕಾರವಾದದ್ದನ್ನು ಆ ಲೋಳೆ ತಡೆಯಲಾರದು.

ಸುಟ್ಟ ಮೇಲಿನ ಕಥೆ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲ ಕೆಲವು ದಿನ ಸತ್ತ ಪದರ ಕಳಚಿ ಹುಣ್ಣಾಗುತ್ತದೆ. ಸುಮಾರು 5ರಿಂದ 15ನೇ ದಿನದವರೆಗೆ ಗೋಡೆ ಬಹಳ ತೆಳು, ತೂತು ಬೀಳುವ ಭಯ ಇರುವುದು ಆಗಲೇ. ಆ ದಿನಗಳಲ್ಲಿ ವೈದ್ಯರು ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಪರೀಕ್ಷೆ, ಮಾಡಲು ಹಿಂಜರಿಯುವುದು ಇದೇ ಕಾರಣಕ್ಕೆ. ಮೂರನೇ ವಾರದಿಂದ ಗಾಯದ ಜಾಗದಲ್ಲಿ ನಾರು ಹುಟ್ಟಿ ಎಳೆದುಕೊಳ್ಳಲು ಶುರು. ಹಸಿ ತೊಗಲನ್ನು ಬಿಸಿಲಿಗೆ ಹಾಕಿದರೆ ಮುದುಡುತ್ತದಲ್ಲ, ಹಾಗೆ. ಜಠರದ ಆ ಮೂಲೆ ಮೊದಲೇ ಕಿರಿದು, ಸುತ್ತಲೂ ಮುದುಡಿದರೆ ಒಳದಾರಿ ಪೆನ್ನಿನ ರೀಫಿಲ್‌ನಷ್ಟಾಗಲು ಹೆಚ್ಚು ದಿನ ಬೇಡ. ಆಸಿಡ್ ಕುಡಿದ ಮಕ್ಕಳಲ್ಲಿ ಬಾಗಿಲು ಕಟ್ಟಿಕೊಳ್ಳುವುದು ಬಹುತೇಕ ಮೂರು ವಾರದಿಂದ ಮೂರು ತಿಂಗಳೊಳಗೆ. ನಿಮ್ಮ ಹುಡುಗ ಇಪ್ಪತ್ತೈದನೇ ದಿನದಲ್ಲಿದ್ದಾನೆ. ಮಧ್ಯೆ ಚೆನ್ನಾಗಿ ತಿಂದನಲ್ಲ ಅಂತೀರಿ. ನೋವು ಇಳಿದಿರುತ್ತದೆ, ನಾರು ಇನ್ನೂ ಎಳೆದಿರುವುದಿಲ್ಲ. ಈ ಎರಡರ ನಡುವಿನ ಒಳ್ಳೆಯ ದಿನಗಳೇ ಎಲ್ಲರನ್ನೂ ಮೋಸಗೊಳಿಸುವುದು, ನಮ್ಮನ್ನೂ ಸೇರಿಸಿ. ಡಿಸ್ಚಾರ್ಜ್ ಚೀಟಿಯಲ್ಲಿ ಮೂರನೇ ವಾರಕ್ಕೊಮ್ಮೆ, ಆರನೇ ವಾರಕ್ಕೊಮ್ಮೆ ಬಂದು ತೂಕ ತೋರಿಸಿ ಎಂದು ದಪ್ಪ ಅಕ್ಷರದಲ್ಲಿ ಬರೆಯದಿದ್ದರೆ ಆ ತಪ್ಪು ವೈದ್ಯರದು, ತಾಯಿಯದಲ್ಲ.

ಆ ಚೀಟಿಯನ್ನು ಹುಡುಕಿ. ಎಂಡೋಸ್ಕೋಪಿ ಮಾಡಿದ್ದರೆ ಅದರಲ್ಲಿ ಜಾರ್ಗರ್ ಗ್ರೇಡ್ ಎಂದು ಬರೆದಿರುತ್ತಾರೆ. ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ ಜಾರ್ಗರ್ ಮತ್ತು ಅವರ ಜೊತೆಗಾರರು 1991ರಲ್ಲಿ ಪ್ರಕಟಿಸಿದ ಅಳತೆಗೋಲು ಅದು. ಸುಡುವ ದ್ರವ ಕುಡಿದ ನಮ್ಮ ದೇಶದ ರೋಗಿಗಳನ್ನು ನೋಡಿ ಕಟ್ಟಿದ್ದನ್ನು ಈಗ ಜಗತ್ತೆಲ್ಲ ಬಳಸುತ್ತದೆ. ಸೊನ್ನೆ, ಒಂದು, 2ಎ ಇದ್ದರೆ ಸಾಮಾನ್ಯವಾಗಿ ಕಲೆ ಉಳಿಯದೆ ಮಾಯುತ್ತದೆ. 2ಬಿ ಎಂದರೆ ಆಳದ ಅಥವಾ ಸುತ್ತುವರಿದ ಹುಣ್ಣು, 3 ಎಂದರೆ ಗೋಡೆ ಸತ್ತಿರುವುದು. ಇವೆರಡರಲ್ಲಿ ದಾರಿ ಕಿರಿದಾಗುವುದು ಬಹಳ ಸಾಮಾನ್ಯ. ಅನ್ನನಾಳಕ್ಕೊಂದು, ಜಠರಕ್ಕೊಂದು ಗ್ರೇಡ್ ಬೇರೆ ಬೇರೆ ಇರುತ್ತದೆ. ನಿಮಗೆ ಹೇಳಿದ್ದು ಮೊದಲನೆಯದು ಮಾತ್ರವೋ ಏನೋ, ಎರಡನೆಯ ಸಾಲನ್ನು ಓದಿಸಿ. ಎಂಡೋಸ್ಕೋಪಿಯನ್ನೇ ಮಾಡಿಲ್ಲವಾದರೆ ಅದನ್ನೂ ಹೊಸ ವೈದ್ಯರಿಗೆ ಹೇಳಿ. ಬಾಯಿ ನೋಡಿ ಹೊಟ್ಟೆಯ ಗಾಯ ಅಳೆಯಲು ಬರುವುದಿಲ್ಲ. ತುಟಿಯ ಮೇಲೆ ಒಂದು ಬೊಕ್ಕೆಯೂ ಇಲ್ಲದ ಮಗುವಿನ ಆಂಟ್ರಮ್ ಕಪ್ಪಾಗಿದ್ದದ್ದನ್ನು ನಾನೇ ನೋಡಿದ್ದೇನೆ.

ಈಗ ಎಲ್ಲಿಗೆ ಹೋಗಬೇಕು? ನಿಮಗೆ ಹತ್ತಿರ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಜನ ಇನ್ನೂ ವಿಮ್ಸ್ ಅನ್ನುವುದು. ರಾಯಚೂರಿನ ಕಡೆಯವರಿಗೆ ರಿಮ್ಸ್, ಕೊಪ್ಪಳದವರಿಗೆ ಅಲ್ಲಿನ ಕಿಮ್ಸ್. ಚೀಟಿ ಮಾಡಿಸುವಾಗಲೇ ‘ಆಸಿಡ್ ಕುಡಿದು ಇಪ್ಪತ್ತೈದು ದಿನ ಆಗಿದೆ, ಈಗ ತಿಂದದ್ದು ಕೆಳಗಿಳಿಯುತ್ತಿಲ್ಲ’ ಎಂದು ಹೇಳಿ. ಬರೀ ವಾಂತಿ ಎಂದರೆ ಜ್ವರ, ಭೇದಿಯವರ ಸಾಲಿನಲ್ಲಿ ಕೂರಿಸುತ್ತಾರೆ. ಮಕ್ಕಳ ಶಸ್ತ್ರಚಿಕಿತ್ಸಕರು ನೋಡಲೇಬೇಕು ಎಂದು ಕೇಳಿ. ಅಲ್ಲಿ ಆಗದ್ದಕ್ಕೆ ಹುಬ್ಬಳ್ಳಿಗೋ, ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಬರೆದುಕೊಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರೆಫರಲ್ ಪತ್ರವನ್ನು ಮರೆಯದೆ ಕೈಯಲ್ಲಿ ತೆಗೆದುಕೊಳ್ಳಿ.

ದಾರಿಯಲ್ಲಿ ಊರಿನ ಕ್ಲಿನಿಕ್ಕಿನಲ್ಲಿ ಇಳಿದು ವಾಂತಿ ನಿಲ್ಲುವ ಸೂಜಿ ಮಾಡಿಸಿ, ಒಂದು ಬಾಟಲಿ ಗ್ಲೂಕೋಸ್ ಹಚ್ಚಿಸಿ ವಾಪಸ್ಸು ಬರಬೇಡಿ. ಸೂಜಿಯಿಂದ ಬಾಗಿಲು ತೆರೆಯದು. ದಿನಗಟ್ಟಲೆ ಜಠರದ ರಸ ಹೊರಗೆ ಹೋದಾಗ ರಕ್ತದಲ್ಲಿ ಕ್ಲೋರೈಡ್, ಪೊಟ್ಯಾಶಿಯಂ ಇಳಿಯುತ್ತವೆ. ಮಗು ಸುಮ್ಮನೆ ಮಲಗುತ್ತದೆ, ಕತ್ತು ಜೋಲುತ್ತದೆ. ಬರೀ ಗ್ಲೂಕೋಸ್ ನೀರಿನಿಂದ ಅದು ಸರಿಹೋಗದು, ರಕ್ತ ಪರೀಕ್ಷೆ ಮಾಡಿ ಲೆಕ್ಕ ಹಾಕಿ ಸಲೈನ್ ಮತ್ತು ಪೊಟ್ಯಾಶಿಯಂ ಕೊಡಬೇಕು. ಊಟ ನಿಲ್ಲಿಸಿ. ಗಂಟಲು ಒಣಗಿದರೆ ಒಂದೊಂದು ಚಮಚ ಓಆರ್‌ಎಸ್, ಅದಕ್ಕಿಂತ ಹೆಚ್ಚು ಬೇಡ. ಆರೆಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಬಂದರೆ, ಮಲ ಡಾಂಬರಿನಂತಿದ್ದರೆ, ಹೊಟ್ಟೆ ಹಲಗೆಯಂತೆ ಬಿಗಿದರೆ, ಬಸ್ಸಿಗೆ ಕಾಯಬೇಡಿ, 108ಕ್ಕೆ ಮಾಡಿ.

ಆಸ್ಪತ್ರೆಯಲ್ಲಿ ಮೊದಲ ಎರಡು ಮೂರು ದಿನ ಏನೂ ಮಾಡುತ್ತಿಲ್ಲ ಅನ್ನಿಸಬಹುದು. ಮೂಗಿನಿಂದ ನಳಿಕೆ ಇಳಿಸಿ ನಿಂತದ್ದನ್ನು ತೆಗೆಯುತ್ತಾರೆ, ಉಪ್ಪಿನಂಶ ಸರಿಮಾಡುತ್ತಾರೆ. ಅದೇ ಚಿಕಿತ್ಸೆಯ ಮೊದಲ ಅರ್ಧ. ಆಮೇಲೆ ಬಿಳಿ ಔಷಧ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ, ಮಂಪರು ಕೊಟ್ಟು ಎಂಡೋಸ್ಕೋಪಿ ಮಾಡುತ್ತಾರೆ. ಕಿರಿದಾದ ಜಾಗ ಚಿಕ್ಕದಿದ್ದರೆ ಪುಟ್ಟ ಬಲೂನನ್ನು ಅಲ್ಲಿಟ್ಟು ಉಬ್ಬಿಸಿ ಅಗಲ ಮಾಡುತ್ತಾರೆ. ಒಂದೇ ಸಲಕ್ಕೆ ಮುಗಿಯುವುದು ಅಪರೂಪ, ಕೆಲವು ವಾರಕ್ಕೊಮ್ಮೆಯಂತೆ ಹಲವು ಸಲ ಹೋಗಬೇಕಾಗುತ್ತದೆ. ಉದ್ದಕ್ಕೆ, ದಪ್ಪಗೆ ಕಟ್ಟಿದ್ದರೆ ಬಲೂನು ಸೋಲುತ್ತದೆ, ಆಪರೇಷನ್ನೇ ದಾರಿ. ಬಾಗಿಲನ್ನು ಸೀಳಿ ಅಡ್ಡಕ್ಕೆ ಹೊಲಿದು ಅಗಲಿಸಬಹುದು, ಕೆಟ್ಟ ಭಾಗ ತೆಗೆದು ಜೋಡಿಸಬಹುದು, ಇಲ್ಲವೇ ಪಕ್ಕದಿಂದ ಸಣ್ಣ ಕರುಳಿಗೆ ಹೊಸ ದಾರಿ ಹೊಲಿಯಬಹುದು. ಆಂಟ್ರಮ್ ತೆಗೆದು ಜೋಡಿಸುವ ಕೆಲಸವನ್ನು ವಿಯೆನ್ನಾದಲ್ಲಿ ಬಿಲ್‌ರಾತ್ 1881ರಲ್ಲೇ ಮಾಡಿ ತೋರಿಸಿದ್ದರು, ಹೊಸ ಪ್ರಯೋಗವೇನಲ್ಲ. ಮಗು ಬಹಳ ಸೊರಗಿದ್ದರೆ ಮೊದಲು ಕರುಳಿಗೆ ನೇರ ನಳಿಕೆ ಇಟ್ಟು, ಅದರಲ್ಲಿ ಆಹಾರ ಕೊಟ್ಟು ತೂಕ ಏರಿಸಿ, ಆಮೇಲೆ ಆಪರೇಷನ್ನಿಗೆ ಕರೆಯುತ್ತಾರೆ. ಹೊಟ್ಟೆಯಿಂದ ಪೈಪು ನೇತಾಡುತ್ತಿದೆ ಎಂದು ಬಂಧುಗಳು ಅಳುತ್ತಾರೆ, ತೆಗೆಸಿಕೊಂಡು ಬನ್ನಿ ಅನ್ನುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ.

ಉಪ್ಪುನೀರಿನ ವಿಷಯ. ಅದು ತಪ್ಪೇ. ಒಮ್ಮೆ ಸುಟ್ಟುಕೊಂಡು ಇಳಿದದ್ದು ವಾಂತಿಯಲ್ಲಿ ಎರಡನೇ ಸಲ ಅದೇ ದಾರಿಯಲ್ಲಿ ಬರುತ್ತದೆ, ಉಸಿರುನಾಳಕ್ಕೂ ಇಳಿಯಬಹುದು. ಚಿಕ್ಕ ಮಗುವಿಗೆ ಅಷ್ಟು ಉಪ್ಪೇ ಒಂದು ವಿಷ. ಆದರೆ ಇವತ್ತಿನ ಈ ವಾಂತಿ ಆ ಉಪ್ಪುನೀರಿನಿಂದ ಬಂತು ಎಂದು ನಾನು ಹೇಳುವುದಿಲ್ಲ. ಬಾಗಿಲ ಮುಂದೆ ಮಡುಗಟ್ಟಿದ ಆಸಿಡ್ ತನ್ನ ಕೆಲಸವನ್ನು ಮೊದಲ ನಿಮಿಷಗಳಲ್ಲೇ ಮುಗಿಸಿರುತ್ತದೆ. ನಿಮ್ಮತ್ತೆಯವರ ಮುಂದೆ ಈ ಸಾಲನ್ನೂ ಓದಿ. ನಿಂಬೆರಸ, ಸೋಪಿನ ನೀರು, ಮೊಟ್ಟೆಯ ಬಿಳಿ, ಔಡಲೆಣ್ಣೆ, ಹುಣಸೆ ನೀರು, ಇವೆಲ್ಲವನ್ನೂ ಕುಡಿಸಿಕೊಂಡೇ ಜನ ನನ್ನ ಹತ್ತಿರ ಬರುತ್ತಾರೆ. ಆಸಿಡ್ಡಿಗೆ ಸೋಡಾ, ಸೋಡಾಕ್ಕೆ ಹುಳಿ ಎಂದು ಲೆಕ್ಕ ಹಾಕುವ ಓದಿದವರು ಇನ್ನೂ ಅಪಾಯ, ಎರಡೂ ಹೊಟ್ಟೆಯೊಳಗೆ ಕೂಡಿದಾಗ ಬಿಸಿ ಹುಟ್ಟುತ್ತದೆ. ಮಾಡಬೇಕಾದ್ದು ಸ್ವಲ್ಪವೇ. ಬಾಯಿ ಮುಕ್ಕಳಿಸಿ ಉಗುಳಿಸಿ, ಉಗುಳಲು ಬಾರದ ಮಗುವಾದರೆ ಒದ್ದೆ ಬಟ್ಟೆಯಿಂದ ಒರೆಸಿ. ಅಂಗಿ ಬಿಚ್ಚಿ ಮೈ ತೊಳೆಯಿರಿ, ಚೆಲ್ಲಿದ ಆಸಿಡ್ ಎದೆಯ ಚರ್ಮವನ್ನೂ ಸುಡುತ್ತಿರುತ್ತದೆ. ಕಣ್ಣಿಗೆ ಹಾರಿದ್ದರೆ ಕಣ್ಣಿಗೆ ನೀರು ಹಾಕುತ್ತಲೇ ಇರಿ. ಕುಡಿಯಲು ಏನೂ ಕೊಡದೆ, ಬಾಟಲಿಯನ್ನು ಕೈಯಲ್ಲಿ ಹಿಡಿದು ಹೊರಡಿ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರವಿದೆ, ದುಡ್ಡಿಲ್ಲದ ಫೋನು, 1800 116 117. ನಿಮ್ಮೂರಿನ ಡಾಕ್ಟರೂ ಅಲ್ಲಿಗೆ ಮಾಡಿ ಕೇಳಬಹುದು. ಎಂಡೋಸ್ಕೋಪಿಗೆ ಒಳ್ಳೆಯ ಹೊತ್ತು ಮೊದಲ 24 ಗಂಟೆ, ತಡವಾದರೂ 48.

ನಿಮ್ಮ ನಾದಿನಿಯನ್ನು ಬೈಯಬೇಡಿ ಎಂದೂ ಹೇಳಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯದ, ತೊಳೆಯದ ಓಣಿ ಎಷ್ಟಿವೆ? ವಾಷಿಂಗ್ ಯೂನಿಟ್ಟುಗಳಲ್ಲಿ ಬ್ಲೀಚು, ಕಾಸ್ಟಿಕ್, ಬಣ್ಣ ಮಾಸಿಸುವ ಪರ್ಮಾಂಗನೇಟು ಡ್ರಮ್ಮುಗಟ್ಟಲೆ ಇರುತ್ತವೆ. ಮನೆಯ ಬಚ್ಚಲಿಗೆ ಬೇಕು ಎಂದು ಒಂದಿಷ್ಟನ್ನು ನೀರಿನ ಬಾಟಲಿಗೆ ಹಾಕಿಕೊಂಡು ಬರುವುದನ್ನು ಯಾರೂ ತಪ್ಪು ಎಂದುಕೊಳ್ಳುವುದಿಲ್ಲ. ಅಂಗಡಿಯವರೂ ಬಿಡಿ ಆಸಿಡ್ಡನ್ನು ಯಾವುದೋ ಹಳೇ ಬಾಟಲಿಗೆ ಸುರಿದು ಕೊಡುತ್ತಾರೆ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆಸಿಡ್ ಮಾರಲು ರಿಜಿಸ್ಟರ್ ಇಡಬೇಕು, ಕೊಳ್ಳುವವರ ಗುರುತಿನ ಚೀಟಿ ನೋಡಬೇಕು ಎಂದು ಆದೇಶಿಸಿತು. ಹೆಣ್ಣುಮಕ್ಕಳ ಮುಖಕ್ಕೆ ಎರಚುವವರನ್ನು ತಡೆಯಲು ಬಂದ ಆದೇಶ ಅದು, ಕೂಲ್‌ಡ್ರಿಂಕ್ಸ್ ಬಾಟಲಿಯ ಬಗ್ಗೆ ಯೋಚಿಸಿದ್ದಲ್ಲ. ಅಮೆರಿಕದಲ್ಲಿ ಚೆವಲಿಯರ್ ಜಾಕ್ಸನ್ ಎಂಬ ಗಂಟಲು ವೈದ್ಯರಿದ್ದರು. ಮನೆಮನೆಯ ಕಾಸ್ಟಿಕ್ ನುಂಗಿ ಅನ್ನನಾಳ ಕಟ್ಟಿದ ಮಕ್ಕಳನ್ನು ನೋಡಿ ನೋಡಿ ಬೇಸತ್ತು, ಅಂಥ ಡಬ್ಬಿಗಳ ಮೇಲೆ ವಿಷ ಎಂದು ಬರೆಯಲೇಬೇಕೆಂದು ವರ್ಷಾನುಗಟ್ಟಲೆ ಓಡಾಡಿದರು. 1927ರಲ್ಲಿ ಆ ಕಾನೂನು ಬಂತು. ನಿಮ್ಮ ನಾದಿನಿಗೆ ನಾನು ಹೇಳುವುದಿಷ್ಟೇ: ತಂದ ಬಾಟಲಿಯಲ್ಲೇ ಇರಲಿ, ತಲೆಗಿಂತ ಎತ್ತರದಲ್ಲಿ ಇರಲಿ. ಮೂರು ವರ್ಷದವನು ಓದುವುದು ಬಾಟಲಿಯ ಆಕಾರವನ್ನು, ಚೀಟಿಯನ್ನಲ್ಲ.

ಜಠರ ಸುಡುವ ಇನ್ನೊಂದು ಪದಾರ್ಥ ನಿಮ್ಮ ಮನೆಯಲ್ಲೇ ಇರಬಹುದು, ಅದನ್ನು ಯಾರೂ ಆಸಿಡ್ ಎಂದುಕೊಳ್ಳುವುದಿಲ್ಲ. ಬಸುರಿಯರಿಗೆ ಕೊಡುವ ಕೆಂಪು ಕಬ್ಬಿಣದ ಮಾತ್ರೆ. ಮೇಲೆ ಸಿಹಿ, ನೋಡಲು ಪೆಪ್ಪರ್‌ಮೆಂಟು. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಹತ್ತು ಕೆಜಿಯ ಮಗು ಹತ್ತು ಮಾತ್ರೆ ನುಂಗಿದರೆ ಕೆಜಿಗೆ 60 ಮಿಲಿಗ್ರಾಂ ಆಯಿತು, ಜೀವಕ್ಕೆ ಅಪಾಯ. ಮೊದಲು ವಾಂತಿ, ಕೆಲವೊಮ್ಮೆ ರಕ್ತ. ಆಮೇಲೆ ಕೆಲವು ಗಂಟೆ ಮಗು ಚೇತರಿಸಿಕೊಂಡಂತೆ ಆಡುತ್ತದೆ, ಆ ಹೊತ್ತಿಗೆ ಮನೆಗೆ ಕರೆದುಕೊಂಡು ಹೋದವರಿದ್ದಾರೆ. ನಂತರ ಒಮ್ಮೆಲೇ ಕುಸಿಯುತ್ತದೆ. ಬದುಕಿ ಉಳಿದ ಮಕ್ಕಳಲ್ಲೂ ಕೆಲವು ವಾರಗಳ ಮೇಲೆ ನಿಮ್ಮ ಮಗನ ಹಾಗೆಯೇ ಜಠರದ ಬಾಗಿಲು ಕಟ್ಟಿಕೊಳ್ಳಬಹುದು. ಎಲೆಅಡಿಕೆಯ ಸುಣ್ಣದ ಡಬ್ಬಿ ಹೊಟ್ಟೆಗಿಂತ ಕಣ್ಣಿಗೆ ಹೆಚ್ಚು ಕೆಟ್ಟದ್ದು. ಆಟಿಕೆಯ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲಿ ಸುಡಲು ಶುರುಮಾಡುತ್ತದೆ, ಅದರ ವಿಷಯವನ್ನು ಬೇರೆ ದಿನ ಬರೆಯುತ್ತೇನೆ. ಸೀಮೆಎಣ್ಣೆ ಸುಡುವ ಜಾತಿಯದಲ್ಲ, ಕೆಡಿಸುವುದು ಶ್ವಾಸಕೋಶವನ್ನು. ಅಲ್ಲೂ ವಾಂತಿ ಮಾಡಿಸಬಾರದು.

ಮುಂದೆ ಎಲ್ಲರ ಹಾಗೆ ಊಟ ಮಾಡುತ್ತಾನಾ ಎಂದು ಕೇಳಿದ್ದೀರಿ. ಬಾಗಿಲು ಮಾತ್ರ ಕಟ್ಟಿದ್ದು, ಅನ್ನನಾಳ ಚೆನ್ನಾಗಿದ್ದರೆ, ಬಹುತೇಕ ಮಕ್ಕಳು ಮಾಡುತ್ತಾರೆ. ಅನ್ನನಾಳವೂ ಆಮೇಲೆ ಕಿರಿದಾಗಬಹುದು, ಅದಕ್ಕೇ ಈ ಸಲ ಎಕ್ಸ್‌ರೇಯಲ್ಲಿ ಎರಡನ್ನೂ ನೋಡಲು ಹೇಳಿ. ನೀರು ಇಳಿಯುತ್ತದೆ, ರೊಟ್ಟಿ ಇಳಿಯುವುದಿಲ್ಲ ಎಂದು ಅವನು ಯಾವಾಗ ಹೇಳಿದರೂ, ಎರಡು ವರ್ಷದ ಮೇಲೆ ಹೇಳಿದರೂ, ತೋರಿಸಬೇಕು. ಅನ್ನನಾಳಕ್ಕೆ ಆಳದ ಗಾಯವಾದವರಲ್ಲಿ ದಶಕಗಳ ನಂತರ ಅಲ್ಲಿ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಹೆಚ್ಚು, ಆದ್ದರಿಂದ ಈ ಕಾಗದಗಳನ್ನು ಅವನು ದೊಡ್ಡವನಾಗುವವರೆಗೂ ಇಟ್ಟಿರಿ. ಆಸಿಡ್ ತಗ್ಗಿಸುವ ಮಾತ್ರೆಯನ್ನು ವೈದ್ಯರು ನಿಲ್ಲಿಸಿ ಅನ್ನುವವರೆಗೆ ಕೊಡಿ. ಆಪರೇಷನ್ನಿನಲ್ಲಿ ಜಠರದ ಭಾಗ ತೆಗೆದಿದ್ದರೆ ವರ್ಷಕ್ಕೊಮ್ಮೆ ರಕ್ತ, ಬಿ12 ನೋಡಿಸಿ. ಮೊದಲ ಕೆಲವು ತಿಂಗಳು ದಿನಕ್ಕೆ ಮೂರು ಊಟದ ಬದಲು ಆರು ಸಲ ಸ್ವಲ್ಪ ಸ್ವಲ್ಪ, ಮೆತ್ತಗೆ: ಗಂಜಿ, ಕಿವುಚಿದ ಅನ್ನ ಬೇಳೆ, ಹಾಲಿನಲ್ಲಿ ನೆನೆಸಿದ ರೊಟ್ಟಿ. ಆಮೇಲೆ ಎಲ್ಲರ ತಟ್ಟೆಯದೇ. ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಕ ಹಾಕಿಸಿ ಕಾರ್ಡಿನಲ್ಲಿ ಬರೆಸಿ, ತೂಕ ಏರುತ್ತಿದೆ ಎಂದರೆ ಬಾಗಿಲು ತೆರೆದಿದೆ. ಇವತ್ತು ಹೊರಡುವಾಗಲೂ ಆ ಕಾರ್ಡು, ಹಳೆಯ ಚೀಟಿ, ರೇಷನ್ ಕಾರ್ಡು ಮೂರೂ ಚೀಲದಲ್ಲಿರಲಿ.